ದಿಕ್ಕು ತಪ್ಪಿದ ಕಳ್ಳಿ

ಶೈಲಜಾ ಮುದಕವಿ ಬುತ್ತಿಯ ಡಬ್ಬಿ ತೆರೆದು ರೊಟ್ಟಿ ಮುರಿಯುವಷ್ಟರಲ್ಲಿ ಪರದೆಯ ಮೇಲೆ ಮತ್ತೆ ಅದೇ ಹೆಸರು ಮೂಡಿತು: ಕಸ್ತೂರೆವ್ವ ಯಲಿಗಾರ, ಶಾಂತಿವನ ಬಡಾವಣೆ, ಹುಬ್ಬಳ್ಳಿ. ದೂರು: ಕುಂಡದ ಕಳ್ಳಿ ವಿಚಿತ್ರವಾಗಿ ಬೆಳೆಯುತ್ತಿದೆ. ಹಿಂದಿನ ಉತ್ತರ: ಬೆಳಕಿನ ಕೊರತೆ. ಅದಕ್ಕೂ ಹಿಂದಿನ ಉತ್ತರ: ಗೊಬ್ಬರ ಹೆಚ್ಚಾಗಿದೆ. ಅದಕ್ಕೂ ಹಿಂದಿನದು: ನೀರು ಹೆಚ್ಚಾಗಿದೆ.

"ಮೇಡಂ, ನಿಮ್ಮ ಯಂತ್ರ ಹೇಳಿದಂಗ ಎಲ್ಲಾ ಮಾಡೇನ್ರಿ," ಎಂದಳು ಕಸ್ತೂರೆವ್ವ, ನಮಸ್ಕಾರವನ್ನೂ ಹೇಳದೆ. "ನೀರು ಹಾಕೂದು ಬಿಟ್ಟೆ. ಗೊಬ್ಬರ ಹಾಕೂದೂ ಬಿಟ್ಟೆ. ದೀಪಾ ಹಚ್ಚಿಟ್ಟೆ. ಈಗ ನೋಡಿದ್ರ ಕುಡಿ ಗುದ್ದಿಸಿಕೊಂಡೋರ ಮೂಗಿನಂಗ ಊದೇತಿ. ನಿಮ್ಮ ಯಂತ್ರಕ್ಕ ಕಳ್ಳಿ ಅಂದ್ರ ಏನಂತರ ಗೊತ್ತೈತೇನ್ರಿ?"

ಶೈಲಜಾ ರೊಟ್ಟಿಯನ್ನು ಡಬ್ಬಿಯಲ್ಲೇ ಬಿಟ್ಟಳು.

ಬೇಸಿಗೆಗಳು ಸಹಿಸಲಾಗದಷ್ಟು ಬಿಸಿಯಾದ ಮೇಲೆ ಊರಿನ ಪ್ರತಿ ಮನೆಯಲ್ಲೂ ಗಿಡಗಳಿರಬೇಕೆಂಬ ಕಾನೂನು ಬಂದಿತ್ತು. ಪ್ರತಿ ಗಿಡಕ್ಕೂ ಅಂಗಿಯ ಗುಂಡಿಯಷ್ಟು ದೊಡ್ಡದಾದ ಒಂದು ನಾಡಿಗುಂಡಿಯನ್ನು ಚುಚ್ಚಲಾಗಿತ್ತು. ಗಿಡಗಳಿಗೆ ನರಗಳಿಲ್ಲ, ಆದರೆ ಎಲೆ ಹರಿದರೆ, ಬೇರು ಒಣಗಿದರೆ, ಬೆಳಕು ಬಿದ್ದರೆ ಅವುಗಳ ಒಡಲಲ್ಲಿ ಸಣ್ಣ ವಿದ್ಯುತ್ ಅಲೆಗಳು ಏಳುತ್ತವೆ. ಗುಂಡಿಯ ಎರಡು ಸೂಜಿಗಳು ಆ ಅಲೆಗಳನ್ನು ಹಿಡಿದು ಗಿಡನಾಡಿ ಕೇಂದ್ರಕ್ಕೆ ಕಳಿಸುತ್ತಿದ್ದವು. ಅಲ್ಲಿನ ಯಂತ್ರ ಅವನ್ನು ತಾನು ಕಲಿತಿದ್ದ ಕೋಟ್ಯಂತರ ಅಲೆಗಳೊಂದಿಗೆ ಹೋಲಿಸಿ, ಕಣ್ಣು ಮಿಟುಕಿಸುವುದರೊಳಗೆ ರೋಗದ ಹೆಸರು ಹೇಳುತ್ತಿತ್ತು. ಹೇಳಿದ್ದು ಒಪ್ಪಿಗೆಯಾಗದವರು ಮಾತ್ರ ಮನುಷ್ಯರ ಬಳಿ ಬರುತ್ತಿದ್ದರು. ಆ ಮನುಷ್ಯರ ಪೈಕಿ ಶೈಲಜಾ ಹಿರಿಯಳು. ಸಸ್ಯಗಳ ಬೆಳವಣಿಗೆಯ ಬಗ್ಗೆ ಡಾಕ್ಟರೇಟ್ ಮಾಡಿದ್ದ ಅವಳ ದಿನಗಳು ಮನಿಪ್ಲಾಂಟಿನ ಹಳದಿ ಎಲೆಗಳನ್ನು ಕುರಿತ ಜಗಳದಲ್ಲಿ ಮುಗಿಯುತ್ತಿದ್ದವು.

"ಕ್ಯಾಮೆರಾ ಹಚ್ರಿ ಅಮ್ಮಾರ. ಗಿಡಾ ತೋರಿಸ್ರಿ," ಎಂದಳು.

ಮೊದಲು ಕಸ್ತೂರೆವ್ವನ ಗಲ್ಲ ಕಂಡಿತು, ಆಮೇಲೆ ಮನೆಯ ಸೂರು, ಕೊನೆಗೆ ಬಚ್ಚಲಮನೆಯ ಪಕ್ಕದ ಇಕ್ಕಟ್ಟಾದ ಪಡಸಾಲೆ. ಅಲ್ಲಿ ಮಣ್ಣಿನ ಕುಂಡದಲ್ಲಿ ಸೊಂಟದೆತ್ತರದ ಕಂಬದಂಥ ಕಳ್ಳಿ ನಿಂತಿತ್ತು. ಕೆಳಗಿನಿಂದ ಮುಕ್ಕಾಲು ಭಾಗ ಅದು ನೆಟ್ಟಗೆ, ಏಣುಗಳೆಲ್ಲ ಸಾಲಾಗಿ, ಮುಳ್ಳುಗಳೆಲ್ಲ ಅಂದವಾಗಿ ಬೆಳೆದಿತ್ತು. ಅಲ್ಲಿಂದ ಮೇಲೆ ಅದು ಬೇರೆಯದೇ ಗಿಡ ಎನ್ನುವ ಹಾಗಿತ್ತು. ಕಾಂಡ ದಪ್ಪಗೆ ಉಬ್ಬಿ, ಒಮ್ಮೆ ಗೋಡೆಯ ಕಡೆಗೂ ಒಮ್ಮೆ ಬಾಗಿಲ ಕಡೆಗೂ ತಿರುಚಿಕೊಂಡಿತ್ತು. ಏಣುಗಳು ಒಂದರ ಮೇಲೊಂದು ಹತ್ತಿದ್ದವು. ಮುಳ್ಳುಗಳು ಉದುರಿ ಅಲ್ಲಲ್ಲಿ ಬೋಳಾಗಿತ್ತು.

ಶೈಲಜಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಬೆಳಕು ಸಾಲದ ಕಳ್ಳಿ ಸಣಕಲಾಗುತ್ತದೆ, ಬಿಳಿಚಿಕೊಳ್ಳುತ್ತದೆ, ಬೆಳಕಿದ್ದ ಕಡೆಗೆ ಕತ್ತು ಚಾಚುತ್ತದೆ. ಇದು ದಪ್ಪಗಾಗಿತ್ತು. ಬೆಳಕಿನ ದಿಕ್ಕಾಗಲಿ, ಮೇಲು ಕೆಳಗಾಗಲಿ ಇದಕ್ಕೆ ತಿಳಿಯುತ್ತಲೇ ಇರಲಿಲ್ಲ. ಯಂತ್ರ ಇದನ್ನು ಬೆಳಕಿನ ಕೊರತೆ ಎಂದದ್ದು ಹೇಗೆಂದು ಅವಳಿಗೆ ಅರ್ಥವಾಗಲಿಲ್ಲ. ಆ ಯಂತ್ರದ ಬಗ್ಗೆ ಅವಳಿಗಿದ್ದ ಅಸಮಾಧಾನ ಹೊಸದೂ ಆಗಿರಲಿಲ್ಲ.

"ಇದು ಯಾವಾಗಿಂದ ಹಿಂಗಾತ್ರಿ?"

"ದಸರಾ ಆದ ಮ್ಯಾಲೆ. ಮಾಳಿಗಿ ಮ್ಯಾಲಿತ್ತು. ಮಗಳು ಬಂದ್ಳು ನೋಡ್ರಿ, ಹೊಟ್ಟೀಲೆ ಅದಾಳ, ಒಣಗಾಕಿದ್ದ ಅರಬಿ ತರಾಕ ಮ್ಯಾಲೆ ಹೋಗ್ತಾಳ, ಮುಳ್ಳು ಚುಚ್ಚೀತು ಅಂತ ಕೆಳಗ ತಂದಿಟ್ಟೆ."

"ಅಲ್ಲೆ ಪಕ್ಕದಾಗ ಜೋತು ಬಿದ್ದದ್ದು ಏನದು?"

"ಬಾಳಿಗೊನಿ. ಆಕಿಗೆ ಬಾಳಿಹಣ್ಣು ಅಂದ್ರ ಜೀವಾ. ಒಂದು ಮುಗದ್ರ ಇನ್ನೊಂದು ತಂದು ಕಟ್ತೇನಿ."

ಶೈಲಜಾ ಕಣ್ಣು ಮುಚ್ಚಿಕೊಂಡಳು. ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲವನ್ನು ಬಿಡುತ್ತದೆ. ಆ ಅನಿಲ ಸಿಕ್ಕಿದ ಕುಡಿ ಉದ್ದ ಬೆಳೆಯುವುದನ್ನು ಬಿಟ್ಟು ದಪ್ಪಗಾಗುತ್ತದೆ, ದಿಕ್ಕು ಮರೆಯುತ್ತದೆ. ಕಾಲೇಜಿನ ಮಕ್ಕಳಿಗೆ ಕಲಿಸುವ ಪಾಠ ಅದು. ಮೂರು ತಿಂಗಳಿಂದ ಯಂತ್ರ ನೀರು, ಗೊಬ್ಬರ, ಬೆಳಕು ಎಂದು ಬಡಬಡಿಸುತ್ತಿದ್ದದ್ದು ಒಂದು ಬಾಳೆಗೊನೆಯ ಮುಂದೆ.

"ಬಾಳಿಗೊನಿ ತಗದು ಬ್ಯಾರೆ ಕಡೆ ಇಡ್ರಿ. ಅಷ್ಟ. ಹೊಸಾ ಕುಡಿ ನೆಟ್ಟಗ ಬರ್ತೈತಿ," ಎಂದು ದೂರನ್ನು ಮುಚ್ಚಿ, ಆರಿಹೋದ ಪಲ್ಯ ತಿನ್ನತೊಡಗಿದಳು.

ಕಸ್ತೂರೆವ್ವ ಬಾಳೆಗೊನೆಯನ್ನು ಇಳಿಸಿ, ಬೈದುಕೊಳ್ಳುತ್ತಲೇ ಪಕ್ಕದ ಮನೆಗೆ ಕೊಟ್ಟು ಬಂದಳು. ಮಗಳು ದಾನೇಶ್ವರಿ ಹಾಸಿಗೆಯಲ್ಲಿ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದಳು. ಅವಳಿಗೆ ಆರು ತಿಂಗಳು ತುಂಬಿತ್ತು. ಗಂಡ ಬೀದರಿನ ಕಡೆಯ ಸೌರ ವಿದ್ಯುತ್ ಸ್ಥಾವರದಲ್ಲಿದ್ದ. ಸುಸ್ತು ಜಾಸ್ತಿ ಎಂದು ಅವಳು ಬೇಗನೆ ತವರಿಗೆ ಬಂದಿದ್ದಳು. ಬಂದ ಮೇಲೆ ಸುಸ್ತು ಇನ್ನೂ ಹೆಚ್ಚಾಯಿತು. ತಲೆನೋವು ಶುರುವಾಯಿತು, ಬೆಳಗಾದರೆ ವಾಂತಿ ಬರುವ ಹಾಗಾಗುತ್ತಿತ್ತು.

ಮಗಳ ಕೈಗೆ ಆರೋಗ್ಯಪಟ್ಟಿ ಕಟ್ಟಿತ್ತು. ಅದರ ಉತ್ತರ ಕಳ್ಳಿಯ ಯಂತ್ರದಷ್ಟೂ ಬದಲಾಗುತ್ತಿರಲಿಲ್ಲ. 'ಗರ್ಭಿಣಿಯರಲ್ಲಿ ಇದು ಸಹಜ. ವಿಶ್ರಾಂತಿ ತೆಗೆದುಕೊಳ್ಳಿ' ಎಂದು ದಿನವೂ ಅದೇ ಮಾತು ಹೇಳುತ್ತಿತ್ತು.

"ಸಹಜ ಅಂತ," ಎಂದಳು ಕಸ್ತೂರೆವ್ವ. "ನಾನೂ ನಿನ್ನ ಹೊತ್ತೇನಿ. ನನಗ ಹಿಂಗ ಆಗಿರಲಿಲ್ಲ."

"ಯವ್ವಾ, ಮದ್ಲ ಆ ಕಳ್ಳೀ ಗದ್ದಲಾ ಬಿಡ. ನನಗ ಚಲೋ ಚಾ ಮಾಡಿಕೊಡ."

ಕಸ್ತೂರೆವ್ವನಿಗೆ ಗೊತ್ತಿದ್ದ ಔಷಧ ಬಿಸಿನೀರು. ಸೂರ್ಯ ಹುಟ್ಟುವ ಮುಂಚೆ ಎದ್ದು, ಬಚ್ಚಲಮನೆಯ ಗ್ಯಾಸ್ ಗೀಸರ್ ಹಚ್ಚಿ, ಹಬೆಯಾಡುವ ನೀರನ್ನು ಮಗಳ ನಡುವಿಗೂ ಬೆನ್ನಿಗೂ ಎರೆಯುತ್ತಿದ್ದಳು. ಊರಿನ ಕಸದಿಂದ ತಯಾರಾದ ಗ್ಯಾಸು ಪೈಪಿನಲ್ಲಿ ಮನೆಮನೆಗೂ ಬರುತ್ತಿದ್ದ ಕಾಲವದು. ನೀರಿಗೆ ಬರವಿರಲಿಲ್ಲ, ಗ್ಯಾಸಿಗೂ ಬರವಿರಲಿಲ್ಲ. ಚಳಿ ಶುರುವಾದ ಮೇಲೆ ಬಚ್ಚಲ ಕಿಟಕಿಯ ಸಂದುಗಳಿಂದ ಗಾಳಿ ನುಗ್ಗುತ್ತದೆಂದು ಅದಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದಳು. ಬಸುರಿಗೆ ಥಂಡಿ ಹತ್ತಬಾರದೆಂಬುದಷ್ಟೇ ಅವಳ ಚಿಂತೆ.

ಮರುದಿನ ಅವಳು ಮತ್ತೆ ಫೋನ್ ಮಾಡಿದಳು.

"ಬಾಳಿಗೊನಿ ತಗದೇನ್ರಿ ಮೇಡಂ. ಕಳ್ಳಿ ಇದ್ದಂಗ ಐತಿ."

"ಒಂದ ದಿನಕ್ಕ ನೆಟ್ಟಗ ಆಗೂದಿಲ್ರಿ ಅದು. ಕಳ್ಳಿ ಐತಿ, ಮನಶ್ಯಾ ಅಲ್ಲ."

"ಹಂಗಾರ ನಿಮ್ಮ ಔಷಧ ಖರೇವೋ ಸುಳ್ಳೋ ಗೊತ್ತಾಗೂದು ಹ್ಯಾಂಗ? ನಾನು ಮುಂದಿನ ದಸರಾ ತನಕಾ ಕಾಯಬೇಕೇನ್ರಿ?"

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಶೈಲಜಾಳಿಗೆ ಇನ್ನಷ್ಟು ಸಿಟ್ಟು ಬಂತು. "ಎಲ್ಲ್ಯಾರ ಒಂದು ಟೊಮೆಟೊ ಸಸಿ ಸಿಗ್ತೈತೇನು ನೋಡ್ರಿ. ಕಳ್ಳಿ ಪಕ್ಕದಾಗ ಇಡ್ರಿ. ಆ ಅನಿಲ ಇನ್ನೂ ಇತ್ತಂದ್ರ ಟೊಮೆಟೊ ಎಲಿ ಒಂದು ದಿನದಾಗ ಕೆಳಗ ಬಾಗ್ತಾವ. ಇಲ್ಲಂದ್ರ ಬಾಗೂದಿಲ್ಲ. ಮುಗೀತು."

ಮುಗಿಯಲಿಲ್ಲ. ಅದರ ಮಾರನೆಯ ದಿನ ಕಸ್ತೂರೆವ್ವ ತೋರಿಸಿದ ಟೊಮೆಟೊ ಸಸಿಯ ಎಲೆಗಳೆಲ್ಲ ಮಡಚಿದ ಕೊಡೆಯ ಹಾಗೆ ಕಾಂಡಕ್ಕೆ ಜೋತುಬಿದ್ದಿದ್ದವು. ಮಣ್ಣು ಒದ್ದೆಯಾಗಿತ್ತು. ಎಲೆಗಳು ಬಾಡಿರಲೂ ಇಲ್ಲ, ಬಿಗಿಯಾಗಿಯೇ ಇದ್ದವು. ಯಂತ್ರ ಆ ಚಿತ್ರವನ್ನು ನೋಡಿ 'ನೀರು ಕಡಿಮೆಯಾಗಿದೆ' ಎಂದಿತು.

"ಬಾಳಿಗೊನಿ ಮನಿಯಾಗ ಇಲ್ಲಲ್ರಿ?"

"ಇಲ್ಲ ಅಂದ್ನೆಲ್ರಿ. ಪಕ್ಕದ ಮನಿಯವ್ರು ತಿಂದೂ ಮುಗಿಸ್ಯಾರ. ನೋಡ್ರಿ ಮೇಡಂ, ನನಗ ಇದೊಂದ ಕೆಲಸಲ್ಲ. ಮಗಳು ತಲಿ ಎತ್ತವಲ್ಲಳು. ಹ್ವಾದ ವಾರ ನವಲಗುಂದಕ್ಕ ಸಂಬಂಧಿಕರ ಮದುವಿಗೆ ಹೋಗಿದ್ವಿ, ಅಲ್ಲೆ ಎರಡು ದಿನಾ ಹೂವಿನಂಗ ಓಡಾಡಿದ್ಳು. ಮನಿಗೆ ಬಂದ್ಳು, ಮತ್ತ ಮಲಗಿದ್ಳು. ಈ ಗಿಡಾ ನೋಡಿದ್ರ ಹಿಂಗ. ಬಾಜೂ ಮನಿಯಾಕಿ ಮನಿಗೇ ಏನೋ ಆಗೇತಿ ಅಂತಾಳ."

"ಆಕಿ ಮಾತು ಕೇಳಬ್ಯಾಡ್ರಿ," ಎಂದು ಶೈಲಜಾ ಫೋನ್ ಇಟ್ಟಳು. ನವಲಗುಂದದ ಮಾತನ್ನು ಅವಳು ಆ ಕ್ಷಣಕ್ಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಳೆಹಣ್ಣಲ್ಲದಿದ್ದರೆ ಎಥಿಲೀನ್ ಬಂದದ್ದು ಎಲ್ಲಿಂದ ಎನ್ನುವುದೊಂದೇ ತಲೆಯಲ್ಲಿತ್ತು.

ಯಂತ್ರ ಸೋಸಿ ಕೊಟ್ಟ ಅಲೆಯನ್ನಷ್ಟೇ ಸಿಬ್ಬಂದಿ ನೋಡಬಹುದಿತ್ತು. ಗುಂಡಿ ಕಳಿಸಿದ ಮೂಲ ಅಲೆ ಬೇಕೆಂದರೆ ಮುಖ್ಯಸ್ಥ ಸವಣೂರ ಅವರ ಒಪ್ಪಿಗೆ ಬೇಕು. ಸಂಜೆ ಅವರ ಕೋಣೆಗೆ ಹೋದಳು.

"ಒಂದು ಕಳ್ಳಿಗಿಡಕ್ಕಾಗಿ?" ಎಂದರು ಸವಣೂರ. "ಶೈಲಜಾ ಅವರ, ಆ ದೂರು ಆರು ಸಲ ತೆರದು ಮುಚ್ಚೈತಿ. ಅವರಿಗೆ ಹೊಸಾ ಕಳ್ಳಿ ಕಳಿಸಿಬಿಡ್ರಿ. ಕಥಿ ಮುಗೀತೈತಿ."

"ಸರ್, ಹೊಸಾ ಕಳ್ಳೀನೂ ಹಂಗ ಆಗ್ತೈತಿ. ರೋಗ ಗಿಡದಾಗ ಇಲ್ಲ. ಗಾಳಿಯಾಗ ಐತಿ."

"ಗಾಳಿ ನಮ್ಮ ವಿಭಾಗ ಅಲ್ಲಲ್ಲ."

"ಹಂಗಾರ ಯಾರ ವಿಭಾಗ ಹೇಳ್ರಿ, ಅವರಿಗೇ ಕೇಳ್ತೇನಿ."

ಸವಣೂರ ಅವರಿಗೆ ಅದು ಗೊತ್ತಿರಲಿಲ್ಲ. ಬೇಸರದಿಂದಲೇ ಒಪ್ಪಿಗೆಯ ಗುಂಡಿ ಒತ್ತಿದರು.

ಮೂಲ ಅಲೆ ಮರುದಿನ ಬೆಳಗಿನ ಪಾಳಿಗೆ ಅವಳ ಪರದೆಗೆ ಬಂತು. ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಚಹಾದ ಲೋಟ ಪಕ್ಕಕ್ಕಿಟ್ಟು ಅವಳು ದಸರೆಯಿಂದ ಈಚೆಗಿನ ಅಲೆಗಳನ್ನು ಒಂದರ ಕೆಳಗೊಂದು ಹರಡಿದಳು. ಪ್ರತಿದಿನ ನಸುಕಿನಲ್ಲಿ ಒಂದು ಚೂಪಾದ ಏರಿಕೆ ಇತ್ತು. ಯಂತ್ರ ಪ್ರತಿ ಏರಿಕೆಗೂ ಬೂದು ಬಣ್ಣ ಬಳಿದು 'ಮನೆಯ ಗದ್ದಲ' ಎಂದು ಬರೆದು ಬದಿಗೆ ಸರಿಸಿತ್ತು. ಬಾಗಿಲು ಬಡಿದದ್ದು, ಮಿಕ್ಸರ್ ತಿರುಗಿದ್ದು, ಯಾರೋ ಕುಂಡಕ್ಕೆ ಎಡವಿದ್ದು ಎಲ್ಲವನ್ನೂ ಅದು ಹಾಗೆಯೇ ಸರಿಸುತ್ತಿತ್ತು.

ಬಾಳೆಗೊನೆ ಹೀಗೆ ಹೊತ್ತು ನೋಡಿ ಅನಿಲ ಬಿಡುವುದಿಲ್ಲ. ನಸುಕಿನಲ್ಲಿ ಮಾತ್ರ ಆ ಮನೆಯಲ್ಲಿ ಏನೋ ನಡೆಯುತ್ತಿತ್ತು. ಕಳ್ಳಿ ಬಿಸಿಲಿಗೆ ಹೆದರಿ ಹಗಲು ಉಸಿರು ಮುಚ್ಚಿಕೊಂಡು ರಾತ್ರಿ ಉಸಿರಾಡುವ ಗಿಡ. ಬೆಳಕು ಹರಿಯುವ ಮುಂಚೆ ಅದರ ಚರ್ಮದ ರಂಧ್ರಗಳೆಲ್ಲ ತೆರೆದೇ ಇರುತ್ತವೆ. ಗಾಳಿಯಲ್ಲಿದ್ದದ್ದೆಲ್ಲ ನೇರವಾಗಿ ಒಳಗೆ ಹೋಗುತ್ತದೆ.

ಎರಡು ದಿನ ಮಾತ್ರ ಏರಿಕೆ ಇರಲಿಲ್ಲ. ಯಾವಾಗ ಎಂದು ನೋಡಿದಳು. ಹೋದ ವಾರದ ದಿನಗಳೇ. ಕಸ್ತೂರೆವ್ವನ ಮಾತು ಆಗ ನೆನಪಾಯಿತು: ನವಲಗುಂದ, ಮದುವೆ, ಹೂವಿನ ಹಾಗೆ ಓಡಾಡಿದ ಮಗಳು.

ಎಥಿಲೀನ್ ಹಣ್ಣಿನಿಂದ ಮಾತ್ರ ಬರುವುದಿಲ್ಲ. ಗಾಳಿ ಸಾಲದೆ ಅರೆಬರೆ ಉರಿಯುವ ಗ್ಯಾಸಿನಿಂದಲೂ ಬರುತ್ತದೆ. ಅಂಥ ಉರಿಯಿಂದ ಅದರ ಜೊತೆಗೆ ಇನ್ನೊಂದು ಅನಿಲ ಬರುತ್ತದೆ, ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ರಕ್ತಕ್ಕೆ ಅಂಟಿಕೊಂಡು ಪ್ರಾಣವಾಯುವಿನ ಜಾಗವನ್ನು ತಾನೇ ಹಿಡಿಯುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ನಿದ್ದೆ. ಹೊಟ್ಟೆಯಲ್ಲಿರುವ ಕೂಸಿಗೆ ಅದು ತಾಯಿಗಿಂತ ಹೆಚ್ಚು ಅಂಟುತ್ತದೆ.

ಅವಳು ನೋಡುತ್ತಿದ್ದಂತೆಯೇ ಪರದೆಯ ಕೊನೆಯ ಗೆರೆ, ಆ ದಿನದ ಗೆರೆ, ಮೇಲೇರತೊಡಗಿತು.

ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ದಿನವೂ ತನ್ನ ಊಟದ ಹೊತ್ತಿಗೇ ಫೋನ್ ಮಾಡುತ್ತಿದ್ದ ಹೆಂಗಸು ಈಗ ಫೋನ್ ಎತ್ತುತ್ತಿರಲಿಲ್ಲ. ತುರ್ತುಸೇವೆಗೆ ಮಾಡಿದಳು. ಯಂತ್ರದ ದನಿ ಉತ್ತರಿಸಿತು.

"ರೋಗಿಯ ತೊಂದರೆ ಏನು?"

"ಮನೆಯಲ್ಲಿ ವಿಷಾನಿಲ ತುಂಬಿದೆ. ಗರ್ಭಿಣಿ ಇದ್ದಾಳೆ."

"ಈ ಮಾಹಿತಿ ನಿಮಗೆ ಹೇಗೆ ತಿಳಿಯಿತು?"

"ಅವರ ಕಳ್ಳಿಗಿಡದಿಂದ."

"ಗಿಡದ ದೂರುಗಳಿಗಾಗಿ ನಿಮ್ಮನ್ನು ಗಿಡನಾಡಿ ಕೇಂದ್ರಕ್ಕೆ ಜೋಡಿಸುತ್ತಿದ್ದೇವೆ," ಎಂದಿತು ದನಿ. ಶೈಲಜಾಳ ಮೇಜಿನ ಮೇಲಿದ್ದ ಇನ್ನೊಂದು ಫೋನ್ ರಿಂಗಣಿಸತೊಡಗಿತು.

ಅವಳು ಎರಡನ್ನೂ ಅಲ್ಲಿಯೇ ಬಿಟ್ಟು ಸ್ಕೂಟರಿನ ಕೀಲಿ ಹಿಡಿದು ಓಡಿದಳು.

ಶಾಂತಿವನ ಬಡಾವಣೆ ಎರಡು ವೃತ್ತಗಳಾಚೆ ಇತ್ತು. ಮನೆಯ ಬಾಗಿಲನ್ನು ಎರಡೂ ಕೈಗಳಿಂದ ಬಡಿದಳು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಗೆಲ್ಲ ಎಣ್ಣೆ ಬಳಿದುಕೊಂಡು ಕಸ್ತೂರೆವ್ವ ನಿಂತಿದ್ದಳು. ಅವಳ ಕಣ್ಣುಗಳು ಕೆಂಪಗಾಗಿದ್ದವು.

"ಈಗ ಬಂದ್ರೇನ್ರಿ ಕಳ್ಳಿ ನೋಡಾಕ? ಮೂರು ತಿಂಗಳಾತು ಬಡಕೊಳ್ಳಾಕ ಹತ್ತಿ. ನಾನು ಮಗಳಿಗೆ ಎರಿಯಾಕ ಹತ್ತೇನಿ, ಆಮ್ಯಾಲೆ ಬರ್ರಿ."

"ಮಗಳು ಎಲ್ಲಿ ಅದಾಳ?"

"ಬಚ್ಚಲದಾಗ. ಯಾಕ್ರಿ?"

ಶೈಲಜಾ ಅವಳನ್ನು ಸರಿಸಿ ಒಳಗೆ ನುಗ್ಗಿದಳು. ಬಚ್ಚಲಮನೆಯ ಹಬೆಯಲ್ಲಿ ಗೀಸರಿನ ಉರಿ ನೀಲಿಯಾಗಿರದೆ ಹಳದಿಯಾಗಿ ನಾಲಗೆ ಚಾಚುತ್ತಿತ್ತು. ದಾನೇಶ್ವರಿ ಮಣೆಯ ಮೇಲಿಂದ ಜಾರಿ ಗೋಡೆಗೆ ಒರಗಿದ್ದಳು. ಬಾಯಿ ಅರೆ ತೆರೆದಿತ್ತು. ಕರೆದರೆ ಓಗೊಡಲಿಲ್ಲ. ಶೈಲಜಾ ಗೀಸರ್ ಆರಿಸಿ, ಕಿಟಕಿಯ ಪ್ಲಾಸ್ಟಿಕ್ ಹಾಳೆಯನ್ನು ಉಗುರಿನಿಂದ ಹರಿದಳು. ಇಬ್ಬರೂ ಸೇರಿ ಆ ತೊಯ್ದ ಭಾರವಾದ ಮೈಯನ್ನು ಪಡಸಾಲೆಯ ಮೂಲಕ ಎಳೆದು ಅಂಗಳಕ್ಕೆ ತಂದರು. ಕಸ್ತೂರೆವ್ವ ತನ್ನ ಸೀರೆಯ ಸೆರಗನ್ನೇ ಮಗಳಿಗೆ ಹೊದಿಸಿ, "ದಾನೀ, ದಾನೀ," ಎಂದು ಕೆನ್ನೆ ತಟ್ಟುತ್ತಿದ್ದಳು. ತಣ್ಣನೆಯ ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ದಾನೇಶ್ವರಿ ಕೆಮ್ಮಿದಳು. ಪಕ್ಕದ ಮನೆಯವರು ಕಾರು ತೆಗೆದರು.

ಆಸ್ಪತ್ರೆಯಲ್ಲಿ ದಾನೇಶ್ವರಿಯ ಬೆರಳಿಗೆ ಯಂತ್ರ ಸಿಕ್ಕಿಸಿದರು. ಪ್ರಾಣವಾಯು ಪೂರ್ಣ ಇದೆ ಎಂದು ಅದು ತೋರಿಸಿತು. ನರ್ಸು ಸಮಾಧಾನದಿಂದ, ತಲೆ ಸುತ್ತಿ ಬಿದ್ದಿರಬೇಕು, ಸ್ವಲ್ಪ ಹೊತ್ತು ಮಲಗಿಸಿಕೊಂಡು ಕಳಿಸುತ್ತೇವೆ ಎಂದಳು.

ಶೈಲಜಾಳಿಗೆ ಅಳು ಬರುವಷ್ಟು ರೋಸಿಹೋಯಿತು. "ಆ ಯಂತ್ರ ರಕ್ತದ ಕೆಂಪು ನೋಡ್ತೈತಿ ಅಷ್ಟ. ರಕ್ತಕ್ಕ ಪ್ರಾಣವಾಯು ಅಂಟಿದ್ರೂ ಕೆಂಪ, ವಿಷ ಅಂಟಿದ್ರೂ ಕೆಂಪ. ಅದಕ್ಕ ಎರಡೂ ಒಂದ. ರಕ್ತ ತಗದು ಪರೀಕ್ಷಾ ಮಾಡ್ರಿ."

"ನೀವು ಡಾಕ್ಟರೇನ್ರಿ?"

"ಹೌದು. ಗಿಡದ ಡಾಕ್ಟರ್."

ನರ್ಸು ಅವಳನ್ನು ಮೇಲಿನಿಂದ ಕೆಳಗೆ ನೋಡಿದಳು. ಪಾಳಿಯಲ್ಲಿದ್ದ ಡಾ. ಇರ್ಫಾನ್ ನದಾಫ ಆ ಜಗಳ ಕೇಳಿ ಪರದೆ ಸರಿಸಿಕೊಂಡು ಬಂದ. ರಾತ್ರಿಯಿಡೀ ನಿದ್ದೆಯಿಲ್ಲದ ಮುಖ. ಶೈಲಜಾ ಕಳ್ಳಿ, ಟೊಮೆಟೊ, ನಸುಕಿನ ಏರಿಕೆ, ಹಳದಿ ಉರಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಗೀಸರ್ ಇದ್ದ ಬಚ್ಚಲಕ್ಕ ಗಾಳಿ ಇರಲಿಲ್ಲ?" ಎಂದಷ್ಟೇ ಕೇಳಿದ.

"ಇರಲಿಲ್ಲ. ಕಿಟಕಿಗೆ ಪ್ಲಾಸ್ಟಿಕ್ ಹೊಡದಿದ್ರು."

ಅವನು ತಾನೇ ರಕ್ತ ತೆಗೆದ. ಫಲಿತಾಂಶಕ್ಕೆ ಕಾಯದೆ ದಾನೇಶ್ವರಿಯ ಮುಖಕ್ಕೆ ಆಮ್ಲಜನಕದ ಮುಖವಾಡ ಬಿಗಿದ. ರಕ್ತದಲ್ಲಿ ವಿಷಾನಿಲವಿದೆ ಎಂಬ ವರದಿ ಬಂದಾಗ ಅದನ್ನು ನರ್ಸಿಗೆ ಕೊಟ್ಟು ಹೋಗಿ ಹೆರಿಗೆ ವೈದ್ಯರಿಗೆ ಫೋನ್ ಮಾಡಿದ. ಮುಂದೆ ಇಡೀ ಬೆಳಗು ಕೂಸಿನ ಎದೆಬಡಿತವನ್ನು ಕೇಳುವುದರಲ್ಲಿ ಹೋಯಿತು. ಮೊದಲು ಅದು ನಿಧಾನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಕುದುರೆ ಓಡಿದಂತೆ ಟಕಟಕ ಕೇಳತೊಡಗಿತು. ಡಾ. ನದಾಫ ಹೊರಗೆ ಬಂದು, "ಇಬ್ಬರೂ ಚಲೋ ಅದಾರ. ಕೂಸನ್ನ ಇನ್ನೂ ಕೆಲವು ದಿನಾ ನೋಡಬೇಕು," ಎಂದ.

ಕಸ್ತೂರೆವ್ವ ಬೆಂಚಿನ ಮೇಲೆ ಕುಳಿತಿದ್ದಳು. ಕೈಯ ಎಣ್ಣೆ ಇನ್ನೂ ಆರಿರಲಿಲ್ಲ. ಅವಳಿಗೂ ಮುಖವಾಡ ಹಾಕಲು ಹೇಳಿದ್ದರು. ಅವಳು ಅದನ್ನು ಗಲ್ಲಕ್ಕೆ ಇಳಿಸಿದ್ದಳು.

"ನಾನ ಕಿಟಕಿ ಮುಚ್ಚೀನ್ರಿ," ಎಂದಳು. "ನಾನ ನೀರು ಕಾಸೀನಿ. ತಲಿನೋವು ಅಂದಾಗೆಲ್ಲಾ ಇನ್ನಷ್ಟು ಕಾಸಿ ಹಾಕೀನಿ."

ಶೈಲಜಾಳಿಗೆ ಸಮಾಧಾನ ಹೇಳಿ ಅಭ್ಯಾಸವಿರಲಿಲ್ಲ. ಬೆಂಚಿನ ಮೇಲೆ ಅವಳ ಪಕ್ಕ ಕುಳಿತಳು. "ಮಾಸ್ಕ್ ಮ್ಯಾಲೆ ಮಾಡ್ಕೊಳ್ರಿ ಅಮ್ಮಾರ," ಎಂದಳು. ಕಸ್ತೂರೆವ್ವ ಕೇಳಿಸಿಕೊಳ್ಳದಿದ್ದಾಗ ತಾನೇ ಅದನ್ನು ಎತ್ತಿ ಅವಳ ಮೂಗಿಗೆ ಕೂರಿಸಿದಳು. "ನೀವು ನನ್ನ ಬೆನ್ನು ಹತ್ತಿದ್ರಿ ಅಂತ ನಾನು ನೋಡಿದೆ. ಇಲ್ಲಂದ್ರ ಯಾವಾಗೋ ಬಿಟ್ಟುಬಿಡ್ತಿದ್ದೆ."

ಕಸ್ತೂರೆವ್ವ ಮುಖವಾಡದೊಳಗೇ ಅತ್ತಳು. ಹಬೆಯಿಂದ ಅದು ಮಂಜಾಯಿತು.

ಸಂಜೆ ಶೈಲಜಾ ಕೇಂದ್ರಕ್ಕೆ ಮರಳಿದಾಗ ಅವಳ ಫೋನು ಇನ್ನೂ ಮೇಜಿನ ಮೇಲೆಯೇ ಇತ್ತು. ಪಾಳಿ ಬಿಟ್ಟು ಹೋದದ್ದಕ್ಕೆ ಕಾರಣ ಕೇಳಿ ಸವಣೂರ ಒಂದು ಸಂದೇಶ ಕಳಿಸಿದ್ದರು. ಅವಳು ಅವರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದಳು. ಮಾತು ಮುಗಿದಾಗ ಸವಣೂರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಇಂಥವು ಇನ್ನೂ ಎಷ್ಟು ಮನಿ ಇರಬಹುದು?" ಎಂದು ಕೇಳಿದರು.

"ಗದ್ದಲ ಅಂತ ಯಂತ್ರ ಏನೇನು ಸರಿಸಿತ್ತೋ ಅದನ್ನ ತಗದು ನೋಡಿದ್ರ ಗೊತ್ತಾಗ್ತೈತಿ ಸರ್. ಅದಕ್ಕೂ ನಿಮ್ಮ ಒಪ್ಪಿಗಿ ಬೇಕು."

ಈ ಸಲ ಅವರು ಪ್ರಶ್ನೆ ಕೇಳಲಿಲ್ಲ. ಯಂತ್ರದ ಸೋಸುವಿಕೆಯನ್ನು ನಿಲ್ಲಿಸಿ, ಇಡೀ ಊರಿನ ನಸುಕಿನ ಅಲೆಗಳನ್ನು ಹೊರಗಿನ ದೊಡ್ಡ ಪರದೆಗೆ ತಂದರು. ಮನಿಪ್ಲಾಂಟು, ತುಳಸಿ, ಗುಲಾಬಿ, ಕ್ರೋಟನ್ನು. ಸಾವಿರಾರು ಗೆರೆಗಳು ಸಮತಟ್ಟಾಗಿದ್ದವು. ಅವುಗಳ ನಡುವೆ ಅಲ್ಲಲ್ಲಿ, ಬೇರೆ ಬೇರೆ ಬಡಾವಣೆಗಳಲ್ಲಿ, ಅದೇ ಚೂಪಾದ ಏರಿಕೆಗಳು ಸಾಲಾಗಿ ನಿಂತಿದ್ದವು. ಪಾಳಿಯಲ್ಲಿದ್ದ ಸಿಬ್ಬಂದಿಯೆಲ್ಲ ಎದ್ದು ಬಂದು ಪರದೆಯ ಮುಂದೆ ನಿಂತರು. ಸವಣೂರ ತಾವೇ ಒಂದು ಫೋನ್ ಎಳೆದುಕೊಂಡರು.

ಶೈಲಜಾ ಮೊದಲ ಮನೆಗೆ ಫೋನ್ ಮಾಡಿದಳು. ಗಂಡಸೊಬ್ಬ ಎತ್ತಿದ. ಹಿಂದೆ ಟಿವಿಯ ಸದ್ದು ಕೇಳುತ್ತಿತ್ತು.

"ಗಿಡನಾಡಿ ಕೇಂದ್ರದಿಂದ ಮಾತಾಡಾಕ ಹತ್ತೇನ್ರಿ."

"ನಾವೇನೂ ದೂರು ಕೊಟ್ಟಿಲ್ರಿ. ನಮ್ಮ ಗಿಡಾ ಚಲೋ ಅದಾವ."

"ಗಿಡದ ಮಾತಲ್ರಿ. ಮನಿಯಾಗ ಯಾರಿಗರ ಬೆಳಗ್ಗೆ ತಲಿನೋವು ಬರ್ತೈತೇನು?"

ಟಿವಿಯ ಸದ್ದು ತಗ್ಗಿತು.

"ನಮ್ಮ ಅಪ್ಪಗ ಬರ್ತೈತ್ರಿ," ಎಂದ. "ನಿಮಗ ಹ್ಯಾಂಗ ಗೊತ್ತಾತು?"

"ಹೇಳ್ತೇನಿ. ಮದ್ಲ ಹೋಗಿ ಗೀಸರ್ ಹಚ್ಚಿದ್ರ ಬಂದ್ ಮಾಡ್ರಿ, ಬಚ್ಚಲ ಕಿಟಕಿ ತಗೀರಿ. ನಾನು ಫೋನ್ ಹಿಡದ ಇರ್ತೇನಿ."

"ಥಂಡಿ ಬಾಳ ಐತ್ರೀ ಮೇಡಂ, ಅಪ್ಪಗ ವಯಸ್ಸಾಗೇತಿ."

"ತಗೀರಿ ಅಂದ್ನೆಲ್ರಿ," ಎಂದಳು ಶೈಲಜಾ. ಅವನು ಗೊಣಗುತ್ತ ಎದ್ದು ಹೋದದ್ದು, ಚಪ್ಪಲಿಯ ಸದ್ದು ದೂರವಾದದ್ದು ಕೇಳಿತು. ತುಕ್ಕು ಹಿಡಿದ ಚಿಲಕ ಒಮ್ಮೆಗೆ ಸರಿಯಲಿಲ್ಲ. ಅದು ಕಿರ್ರೆಂದು ಸರಿದು, ಬೀದಿಯ ಗದ್ದಲ ಆ ಮನೆಯೊಳಗೆ ಬಂದದ್ದು ಕೇಳಿಸುವವರೆಗೂ ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.